ಪಟ್ಟಿ ಬಿಚ್ಚುವ ಹೊತ್ತು

ವಾರ್ಡಿನಲ್ಲಿ ಬೆಳಗಿನ ಡ್ರೆಸ್ಸಿಂಗ್ ಟ್ರಾಲಿ ಹೊರಟಿತೆಂದರೆ ಹಾಸಿಗೆಯಲ್ಲಿದ್ದವರಿಗೆ ಅದರ ಚಕ್ರದ ಸದ್ದಿನಲ್ಲೇ ಗೊತ್ತಾಗುತ್ತದೆ. ಟ್ರಾಲಿ ಇನ್ನೂ ಮೂರು ಮಂಚದಾಚೆ ಇರುವಾಗಲೇ ಕೈ ಮುಷ್ಟಿ ಕಟ್ಟುತ್ತದೆ, ಉಸಿರು ಬಿಗಿಯುತ್ತದೆ. ಆಮೇಲೆ ಎಲ್ಲ ಆಸ್ಪತ್ರೆಗಳಲ್ಲೂ ಕೇಳಿಬರುವ ಅದೇ ಮಾತು: ‘ಸ್ವಲ್ಪ ತಡ್ಕೊಳ್ಳಿ, ಆಯ್ತು, ಆಗೇಹೋಯ್ತು.’

ಮಾಯುವ ಗಾಯವಾದರೆ ಈ ಮಾತಿಗೆ ಒಂದು ಆಧಾರವಾದರೂ ಇದೆ. ಇವತ್ತು ಹಲ್ಲು ಕಚ್ಚಿಕೊಂಡರೆ ಇನ್ನೊಂದು ವಾರಕ್ಕೆ ಹೊಸ ಚರ್ಮ ಕಾಣಿಸುತ್ತದೆ. ಆದರೆ ಸ್ತನದ ಕ್ಯಾನ್ಸರ್ ಚರ್ಮವನ್ನು ಒಡೆದುಕೊಂಡು ಹೊರಬಂದಿರುವ ಹೆಂಗಸು ಯಾವುದಕ್ಕಾಗಿ ತಡೆದುಕೊಳ್ಳಬೇಕು? ಗುಟ್ಕಾ, ಕಡ್ಡಿಪುಡಿಯಿಂದ ಬಂದ ಬಾಯಿಯ ಕ್ಯಾನ್ಸರ್ ಕೆನ್ನೆಯನ್ನೇ ತೂತು ಮಾಡಿರುವ ಗಂಡಸು ಯಾವುದಕ್ಕಾಗಿ? ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಸೊಂಟದ ಕೆಳಗೆ ಮೂಳೆ ಕಾಣುವಷ್ಟು ಹುಣ್ಣಾಗಿರುವ ಅಜ್ಜ ಯಾವುದಕ್ಕಾಗಿ? ಇವರ ಗಾಯ ಮಾಯುವುದಿಲ್ಲ. ಉಳಿದಿರುವುದು ಕೆಲವು ವಾರ, ಕೆಲವು ತಿಂಗಳು. ಆ ಅವಧಿಯ ಪ್ರತಿ ಬೆಳಗನ್ನೂ ಒಂದು ಹಿಂಸೆಯಿಂದ ಆರಂಭಿಸಬೇಕಾದ ಅಗತ್ಯ ಯಾರಿಗೂ ಇಲ್ಲ. ಗುಣಪಡಿಸುವ ಗುರಿಯನ್ನು ಬದಿಗಿಟ್ಟು ನೋವಿಳಿಸುವುದನ್ನೇ ಗುರಿಯಾಗಿಸಿಕೊಂಡರೆ ಗಾಯವನ್ನು ಯಾವುದರಿಂದ ತೊಳೆಯಬೇಕು, ಯಾವುದರಿಂದ ಮುಚ್ಚಬೇಕು, ಎಷ್ಟು ದಿನಕ್ಕೊಮ್ಮೆ ಬಿಚ್ಚಬೇಕು, ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಡಬೇಕು ಎಂಬ ಒಂದೊಂದು ಪ್ರಶ್ನೆಯ ಉತ್ತರವೂ ಬದಲಾಗುತ್ತದೆ.

ಗಾಯದ ನೋವೆಂಬುದು ಒಂದೇ ನೋವಲ್ಲ. ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಡಯೇನ್ ಕ್ರಾಸ್ನರ್ 1995ರಲ್ಲಿ ಅದನ್ನು ಮೂರಾಗಿ ವಿಂಗಡಿಸಿದರು. ಸುಮ್ಮನೆ ಮಲಗಿದ್ದಾಗಲೂ ಒಳಗೇ ಕುದಿಯುತ್ತಿರುವ ನೋವು ಒಂದು. ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುವಾಗ ಆಗುವಂಥ, ಎಂದೋ ಒಮ್ಮೆಯ ನೋವು ಇನ್ನೊಂದು. ಮೂರನೆಯದು ಡ್ರೆಸ್ಸಿಂಗ್ ಬದಲಿಸುವಾಗ, ಮಗ್ಗುಲು ಹೊರಳಿಸುವಾಗ ದಿನದಿನವೂ ಮರಳಿ ಬರುವ ನೋವು. ಮೊದಲನೆಯದು ಕಾಯಿಲೆ ಕೊಟ್ಟದ್ದು. ಮೂರನೆಯದನ್ನು ಕೊಡುವವರು ಆರೈಕೆ ಮಾಡುವ ನಾವು. ಅದು ಎಷ್ಟು ಹೊತ್ತಿಗೆ ಬರುತ್ತದೆಂದು ನಮಗೆ ಮುಂಚೆಯೇ ಗೊತ್ತಿರುತ್ತದೆ; ಹೊತ್ತು ಗೊತ್ತಿರುವ ನೋವನ್ನು ಹೊತ್ತಿಗೆ ಮುಂಚೆಯೇ ತಡೆಯಬಹುದು. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ. ಆದರೆ ಅದು ಏಕೆ ಸಾಧ್ಯ ಎಂದು ತಿಳಿಯಲು ಗಾಯದೊಳಕ್ಕೆ ಇಳಿಯಬೇಕು.

ಚರ್ಮದಲ್ಲಿ ನೋವನ್ನು ಒಯ್ಯುವ ನರತಂತುಗಳು ಮುಖ್ಯವಾಗಿ ಎರಡು ಬಗೆ. ತೆಳುವಾದ ಕೊಬ್ಬಿನ ಹೊದಿಕೆಯಿರುವ ಎ-ಡೆಲ್ಟಾ ತಂತುಗಳು ಚುರುಕು; ಸೂಜಿ ಚುಚ್ಚಿದೊಡನೆ ‘ಹಾ’ ಎನ್ನಿಸುವವು ಇವೇ. ಹೊದಿಕೆಯೇ ಇಲ್ಲದ ಸಿ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು ಒಂದು ಮೀಟರಿನ ವೇಗದಲ್ಲಿ, ನಡಿಗೆಯ ಗತಿಯಲ್ಲಿ ಸಾಗುತ್ತದೆ. ತಡವಾಗಿ ಬಂದು ಬಹಳ ಹೊತ್ತು ಉಳಿಯುವ ಉರಿ ಇವುಗಳದ್ದು. ಈ ತಂತುಗಳ ತುದಿಯಲ್ಲಿ ಶಾಖ, ಆಮ್ಲ, ಒತ್ತಡಗಳನ್ನು ಗುರುತಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ ಟಿಆರ್‌ಪಿವಿ-1 ಎಂಬುದನ್ನು 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆಹಚ್ಚಿತು. ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಹೋಗಿ ತಟ್ಟುವುದು ಇದನ್ನೇ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೆ ತೆರೆದುಕೊಳ್ಳುವುದೂ ಇದೇ. 2021ರ ನೊಬೆಲ್ ಪ್ರಶಸ್ತಿಯಲ್ಲಿ ಜೂಲಿಯಸ್‌ಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

ಗಾಯವಾದ ಜಾಗಕ್ಕೆ ರಕ್ತಕಣಗಳು ಧಾವಿಸಿ ಬರುತ್ತವೆ, ಪ್ರೋಸ್ಟಗ್ಲಾಂಡಿನ್, ಬ್ರ್ಯಾಡಿಕೈನಿನ್ ಮುಂತಾದ ರಾಸಾಯನಿಕಗಳು ಅಲ್ಲಿ ತುಂಬಿಕೊಳ್ಳುತ್ತವೆ. ಜಾಗ ಆಮ್ಲೀಯವಾಗುತ್ತದೆ. ಆಗ ಟಿಆರ್‌ಪಿವಿ-1 ತೆರೆದುಕೊಳ್ಳುವ ಮಟ್ಟ 43 ಡಿಗ್ರಿಯಿಂದ ಇಳಿಯುತ್ತ ಇಳಿಯುತ್ತ ಮೈಯ ಸಹಜ ಶಾಖದ ಹತ್ತಿರಕ್ಕೆ ಬಂದುಬಿಡುತ್ತದೆ. ಹೊರಗಿನ ಬೆಂಕಿ ಬೇಕಿಲ್ಲ, ಸ್ವಂತ ಮೈಬಿಸಿಯೇ ಸಾಕು. ‘ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಆಗ್ತದೆ ಡಾಕ್ಟ್ರೇ’ ಎಂದು ರೋಗಿ ಹೇಳಿದರೆ ಅದನ್ನು ಬರೀ ಮಾತಿನ ಅಲಂಕಾರವೆಂದುಕೊಳ್ಳಬಾರದು. ಆ ಕ್ಷಣ ಅವರ ನರದ ತುದಿಯಲ್ಲಿ ನಡೆಯುತ್ತಿರುವುದು ಅದೇ.

ಸ್ಪರ್ಶದ ಕಥೆ ಇನ್ನೂ ವಿಚಿತ್ರ. ಜೂಲಿಯಸ್ ಜೊತೆ ನೊಬೆಲ್ ಹಂಚಿಕೊಂಡ ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಪೀಜೋ ಎಂಬ ಪ್ರೋಟೀನುಗಳನ್ನು ಕಂಡುಹಿಡಿಯಿತು. ಇವುಗಳಲ್ಲಿ ಪೀಜೋ-2 ನಮ್ಮ ಮೆಲುಸ್ಪರ್ಶದ ಗ್ರಾಹಕ: ಬಟ್ಟೆ ಸವರಿದ್ದು, ಗಾಳಿ ತಾಗಿದ್ದು ತಿಳಿಯುವುದು ಇದರಿಂದ. ಹುಟ್ಟಿನಿಂದಲೇ ಈ ಪ್ರೋಟೀನ್ ಕೆಲಸ ಮಾಡದ ಕೆಲವರಿದ್ದಾರೆ. ಅಂಥವರ ಚರ್ಮಕ್ಕೆ ಕ್ಯಾಪ್ಸೈಸಿನ್ ಕೊಟ್ಟು ಉರಿಯೂತ ತರಿಸಿ, ಸುತ್ತಲಿನ ಜಾಗವನ್ನು ಮೆಲ್ಲಗೆ ಸವರಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬೇರೆಯವರಿಗೆ ಆ ಸವರುವಿಕೆ ನೋವಾಯಿತು, ಇವರಿಗೆ ಆಗಲಿಲ್ಲ. ಅಂದರೆ ಗಾಯದ ಸುತ್ತ ‘ಮುಟ್ಟಿದರೆ ಸಾಕು, ಜೀವ ಹೋಗುತ್ತೆ’ ಎನ್ನುವ ಸ್ಥಿತಿಯಲ್ಲಿ ನೋವು ಬರುವುದು ನೋವಿನ ದಾರಿಯಿಂದ ಮಾತ್ರವಲ್ಲ, ಸ್ಪರ್ಶದ ದಾರಿಯಿಂದಲೂ. ಹತ್ತಿಯುಂಡೆಯಿಂದ ಒರೆಸುವುದನ್ನು ನಾವು ಎಷ್ಟೇ ಮೃದು ಎಂದುಕೊಂಡರೂ ಆ ಮನುಷ್ಯನಿಗೆ ಅದು ಮೃದುವಲ್ಲ.

ಮುಟ್ಟಿದ್ದೂ ನೋವಾಗಿ ಮಾರ್ಪಡುವುದು ಬೆನ್ನುಹುರಿಯಲ್ಲಿ. ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟಂತೆ, ಗಾಯದಿಂದ ನೋವಿನ ಸಂಕೇತಗಳು ಒಂದೇ ಸಮನೆ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಕೆರಳುತ್ತವೆ. ಆಮೇಲೆ ಅವು ಸಣ್ಣ ಸಂಕೇತವನ್ನೂ ದೊಡ್ಡದು ಮಾಡಿ ಮಿದುಳಿಗೆ ಕಳಿಸುತ್ತವೆ. ಇವತ್ತು ನೋವಿನಲ್ಲಿ ಮುಗಿದ ಡ್ರೆಸ್ಸಿಂಗ್ ನಾಳೆಯದನ್ನು ಇನ್ನಷ್ಟು ನೋವಾಗಿಸಬಲ್ಲದು. ಇದಕ್ಕೆ ಭಯವೂ ಸೇರಿಕೊಳ್ಳುತ್ತದೆ. ಇಟಲಿಯ ಟ್ಯೂರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ‘ನೋವು ಹೆಚ್ಚಾಗುತ್ತದೆ’ ಎಂಬ ನಿರೀಕ್ಷೆಯೇ ನೋವನ್ನು ಹೆಚ್ಚಿಸುತ್ತದೆ. ಕೊಲಿಸಿಸ್ಟೊಕೈನಿನ್ ಎಂಬ ರಾಸಾಯನಿಕವನ್ನು ತಡೆಯುವ ಔಷಧಿ ಕೊಟ್ಟರೆ ಆ ಹೆಚ್ಚಳ ನಿಲ್ಲುತ್ತದೆ. ಟ್ರಾಲಿಯ ಸದ್ದಿಗೆ ಮುಷ್ಟಿ ಬಿಗಿಯುವವರನ್ನು ‘ಇವರಿಗೆ ಧೈರ್ಯ ಸಾಲದು’ ಎಂದು ತಳ್ಳಿಹಾಕುವ ಮುನ್ನ ಇದು ನೆನಪಿರಬೇಕು. ಅವರ ಭಯಕ್ಕೆ ಮೈಯೊಳಗೊಂದು ರಾಸಾಯನಿಕ ರೂಪವಿದೆ, ನೋವಿನ ಮೇಲೆ ಅದರ ಪರಿಣಾಮವೂ ಇದೆ.

ಇನ್ನು ಗಾಯಕ್ಕೆ ಅಂಟಿಕೊಂಡ ಗಾಜ್ ಬಟ್ಟೆಯ ವಿಷಯ. ಗಾಯ ಗಾಳಿಗೆ ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆ ನಮ್ಮಲ್ಲೂ ಇದೆ, ಯುರೋಪಿನಲ್ಲೂ ಇತ್ತು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಳೆ ಹಂದಿಗಳ ಮೇಲೆ ಸಣ್ಣ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿ ತೇವವಾಗಿರಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಗಾಯದ ಚಿಕಿತ್ಸೆಯ ಇಡೀ ಶಾಸ್ತ್ರ ಅಲ್ಲಿಂದ ಹೊರಳಿತು. ನಮ್ಮ ಪ್ರಸಂಗದಲ್ಲಿ ಚರ್ಮ ಬೆಳೆಯುವ ಮಾತಿಲ್ಲ, ಆದರೆ ಅದೇ ತೇವ ಇನ್ನೊಂದು ಕಾರಣಕ್ಕೆ ಮುಖ್ಯ: ಒಣಗಿದ ಗಾಯದಲ್ಲಿ ನರದ ತುದಿಗಳು ತೆರೆದು ಬೀಳುತ್ತವೆ, ಒದ್ದೆಯಾದದ್ದರಲ್ಲಿ ಅವುಗಳ ಮೇಲೊಂದು ಪೊರೆ ಇರುತ್ತದೆ. ಒಣ ಗಾಜ್ ಬಟ್ಟೆಯನ್ನು ಇಟ್ಟರೆ ರಸಿಕೆ ಅದರ ಎಳೆಗಳ ನಡುವೆ ಇಳಿದು ಗಟ್ಟಿಯಾಗುತ್ತದೆ, ಮಾಂಸವೂ ಎಳೆಯೊಳಕ್ಕೆ ಬೆಳೆಯುತ್ತದೆ. ಮರುದಿನ ಕಿತ್ತರೆ ಬಟ್ಟೆಯೊಂದೇ ಬರುವುದಿಲ್ಲ. ಕ್ಯಾನ್ಸರ್ ಗಡ್ಡೆಯ ಮೇಲಿನ ರಕ್ತನಾಳಗಳು ತೀರಾ ದುರ್ಬಲ. ಒಂದು ಎಳೆತಕ್ಕೆ ಜಿನುಗಲು ಶುರುವಾದ ರಕ್ತ ಬೇಗ ನಿಲ್ಲುವುದಿಲ್ಲ.

ಶ್ರೀಮಂತ ದೇಶಗಳಲ್ಲಿ ಇದಕ್ಕೆ ಸಿಲಿಕೋನ್ ಪದರದ ಡ್ರೆಸ್ಸಿಂಗುಗಳಿವೆ. ಅವು ಸುತ್ತಲಿನ ಚರ್ಮಕ್ಕೆ ಮೆಲ್ಲಗೆ ಹಿಡಿದುಕೊಳ್ಳುತ್ತವೆ, ಗಾಯಕ್ಕೆ ಅಂಟುವುದಿಲ್ಲ. ನಮ್ಮಲ್ಲೂ ಸಿಗುತ್ತವೆ, ಆದರೆ ದಿನಕ್ಕೊಂದು ಕೊಳ್ಳುವುದು ಕೂಲಿ ಮಾಡುವ ಮನೆಯವರಿಗೆ ಆಗದ ಮಾತು. ಹಾಗೆಂದು ದಾರಿ ಮುಚ್ಚಿಲ್ಲ. ವ್ಯಾಸಲೀನ್ ಸವರಿದ ಗಾಜ್ ಅಂಟುವುದಿಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಅವರು ಸುಟ್ಟ ಗಾಯಗಳಿಗೆ ಬಾಳೆಲೆಯನ್ನು ಶುದ್ಧೀಕರಿಸಿ ಡ್ರೆಸ್ಸಿಂಗ್ ಆಗಿ ಬಳಸಿ, ಅದು ಅಂಟುವುದಿಲ್ಲ, ತೆಗೆಯುವಾಗ ನೋಯುವುದಿಲ್ಲ ಎಂದು ತೋರಿಸಿಕೊಟ್ಟಿದ್ದಾರೆ. ಊಟದ ಬಿಸಿ ಅನ್ನ, ಎಣ್ಣೆ, ತುಪ್ಪ ಯಾವುದನ್ನೂ ಹಿಡಿದಿಟ್ಟುಕೊಳ್ಳದ ಎಲೆಯ ಮೇಣದ ಮೈಯೇ ಇಲ್ಲೂ ಕೆಲಸಕ್ಕೆ ಬರುವುದು. ಹಿತ್ತಲಲ್ಲಿ ಬೆಳೆಯುವ ಎಲೆಯೊಂದು ದುಬಾರಿ ಸಿಲಿಕೋನ್ ಮಾಡುವ ಕೆಲಸವನ್ನು ಬಹುಪಾಲು ಮಾಡಬಲ್ಲದು ಎಂಬುದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿಗಳಲ್ಲೊಂದು.

ಆದರೆ ಕೆಲವು ವಸ್ತುಗಳನ್ನು ಮನೆಯಿಂದ ಆಚೆಗೇ ಇಡಬೇಕು. ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ನೊರೆ ಏಳುವುದನ್ನು ನೋಡಿ ‘ಕೊಳೆ ಎಲ್ಲ ಬರ್ತಿದೆ’ ಎಂದು ಸಮಾಧಾನಪಡುವವರಿದ್ದಾರೆ. ಆ ನೊರೆ ಬರುವುದು ರಕ್ತ ಮತ್ತು ಜೀವಕೋಶಗಳಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದಿಂದ. ಸ್ವಚ್ಛವಾದ ಗಾಯದ ಮೇಲೆ ಸುರಿದರೂ ಬರುತ್ತದೆ. ಜೊತೆಗೆ ಅದು ಜೀವಂತ ಅಂಗಾಂಶವನ್ನೂ ಸುಡುತ್ತದೆ. ಸ್ಪಿರಿಟ್ಟಿನ ವಿಷಯ ಹೇಳುವುದೇ ಬೇಡ. ಅರಿಸಿನ, ಕಾಫಿಪುಡಿಗಳನ್ನು ಪ್ರೀತಿಯಿಂದಲೇ ಮೆತ್ತುತ್ತಾರೆ. ಅವು ಒಣಗಿ ಹೆಪ್ಪಾಗಿ, ಮಾರನೆಯ ದಿನ ಕೆರೆದು ತೆಗೆಯಬೇಕಾಗುತ್ತದೆ. ಬೇಕಾದದ್ದು ಉಪ್ಪುನೀರು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಪುಡಿ ಉಪ್ಪು. ಇದು ಹೆಚ್ಚುಕಡಿಮೆ ನಮ್ಮ ರಕ್ತದಷ್ಟೇ ಸಾಂದ್ರವಾದ್ದರಿಂದ ಚುರುಗುಟ್ಟುವುದಿಲ್ಲ. ಉಗುರುಬೆಚ್ಚಗಿರಬೇಕು, ಏಕೆಂದರೆ ತಣ್ಣೀರು ತಾಗಿದರೂ ಕೆರಳಿದ ನರಗಳಿಗೆ ಅದು ಏಟೇ.

ಹೋಮ್ ಕೇರ್ ತಂಡದ ಅನುಭವಿ ನರ್ಸೊಬ್ಬರು ಇದನ್ನೆಲ್ಲ ಒಂದು ಮನೆಯಲ್ಲಿ ಹೇಗೆ ಮಾಡುತ್ತಾರೆಂದು ನೋಡಬೇಕು. ಬೆಂಗಳೂರಿನ ಮಾರತಹಳ್ಳಿಯಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯ ಹಾಸ್ಪಿಸ್‌ನಲ್ಲಿ ಕ್ಯಾನ್ಸರಿನ ಕೊನೆಯ ಘಟ್ಟದವರಿಗೆ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಅಂಥ ಕಡೆಗಳಲ್ಲಿ ತರಬೇತಾದವರು ಮನೆಗೆ ಬಂದೊಡನೆ ಗಾಯದ ಹತ್ತಿರಕ್ಕೆ ಹೋಗುವುದಿಲ್ಲ. ‘ಹೊರಡೋ ಮುಂಚೆ ಫೋನ್ ಮಾಡಿದ್ನಲ್ಲಮ್ಮ, ಮಾತ್ರೆ ಎಷ್ಟು ಹೊತ್ತಿಗೆ ತಗೊಂಡ್ರಿ?’ ಎಂಬುದು ಮೊದಲ ಪ್ರಶ್ನೆ. ಬಾಯಿಂದ ತೆಗೆದುಕೊಂಡ ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಶುರುಮಾಡಲು ಅರ್ಧ ಗಂಟೆ, ಪೂರ್ತಿ ಹಿಡಿಯಲು ಸುಮಾರು ಒಂದು ಗಂಟೆ ಬೇಕು. ಮಾತ್ರೆ ನುಂಗಿ ಹತ್ತು ನಿಮಿಷವಾಗಿದ್ದರೆ ನರ್ಸ್ ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಉಪ್ಪುನೀರು ಬೆಚ್ಚಗಾಗುತ್ತದೆ. ಹಳೆಯ ಪಂಚೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಕುಕ್ಕರಿನ ಆವಿಯಲ್ಲಿ ಶುದ್ಧ ಮಾಡಿಟ್ಟುಕೊಳ್ಳುವುದನ್ನು ಸೊಸೆಗೆ ಹೇಳಿಕೊಡುತ್ತಾರೆ. ಫ್ಯಾನ್ ಆರಿಸುತ್ತಾರೆ, ತೆರೆದ ಗಾಯಕ್ಕೆ ಗಾಳಿಯೂ ನೋವೇ. ಮೇಲಿನ ಪಟ್ಟಿಯನ್ನು ಬಿಚ್ಚಿ, ಒಳಗಿನ ಬಟ್ಟೆಯ ಮೇಲೆ ಬೆಚ್ಚನೆ ನೀರನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತ ಅದು ತಾನಾಗಿ ಮೇಲೇಳುವವರೆಗೆ ನೆನೆಸುತ್ತಾರೆ. ಗಾಯವನ್ನು ಒರೆಸುವುದಿಲ್ಲ, ನೀರಿನ ಧಾರೆಯಿಂದ ತೊಳೆಯುತ್ತಾರೆ. ಇದೆಲ್ಲಕ್ಕೂ ಮುಂಚೆ ಒಂದು ಒಪ್ಪಂದವಾಗಿರುತ್ತದೆ: ‘ನೀವು ಕೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ ಅಮ್ಮ. ನೀವು ಸರಿ ಅಂದ್ಮೇಲೇ ಮತ್ತೆ ಶುರು.’ ನಿಲ್ಲಿಸುವ ಅಧಿಕಾರ ಕೈಯಲ್ಲಿದ್ದರೆ ಕಾಯುವ ಭಯ ಕಡಿಮೆಯಾಗುತ್ತದೆ. ಕೆಲವರಂತೂ ಅರ್ಧ ಬಟ್ಟೆಯನ್ನು ತಾವೇ ಬಿಡಿಸಿಕೊಳ್ಳುತ್ತಾರೆ.

ಮಾರ್ಫಿನ್ನನ್ನು ನೋವು ಬಂದಮೇಲೆ ಕೊಡುವುದಲ್ಲ, ಬರುವುದಕ್ಕೆ ಮುಂಚೆ ಗಡಿಯಾರ ನೋಡಿ ಕೊಡಬೇಕು ಎಂಬ ತಿಳಿವಳಿಕೆಯ ಹಿಂದೆ ಸಿಸಿಲಿ ಸಾಂಡರ್ಸ್ ಇದ್ದಾರೆ. ಲಂಡನ್ನಿನಲ್ಲಿ ನರ್ಸ್ ಆಗಿ ಆರಂಭಿಸಿ, ಬೆನ್ನುನೋವಿನಿಂದ ಆ ವೃತ್ತಿ ಬಿಡಬೇಕಾಗಿ ಬಂದು, ಆಸ್ಪತ್ರೆಯ ಸಮಾಜಸೇವಾ ಕೆಲಸ ಮಾಡಿ, 1957ರಲ್ಲಿ ವೈದ್ಯೆಯಾದವರು ಅವರು. ಆ ಕಾಲದ ದೊಡ್ಡಾಸ್ಪತ್ರೆಗಳಲ್ಲಿ ರೋಗಿ ನೋವೆಂದು ಕೂಗಿದ ಮೇಲೆ, ಅದೂ ಅಳೆದು ಸುರಿದು, ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಸಾಂಡರ್ಸ್ ಸೇಂಟ್ ಜೋಸೆಫ್ ಹಾಸ್ಪಿಸ್‌ನಲ್ಲಿ ಹೊತ್ತುಹೊತ್ತಿಗೆ ತಪ್ಪದೆ, ಬಾಯಿಂದಲೇ ಔಷಧಿ ಕೊಡುವ ಕ್ರಮ ತಂದರು, ಅದರ ಪರಿಣಾಮಗಳನ್ನು ಕಾಗದದ ಮೇಲೆ ದಾಖಲಿಸಿಟ್ಟರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಹೊರಡಿಸಿದ ಸೂತ್ರಗಳಲ್ಲಿ ಬಾಯಿಯ ಮೂಲಕ, ಗಡಿಯಾರದ ಪ್ರಕಾರ ಎಂಬ ಎರಡಕ್ಕೂ ಆ ದಾಖಲೆಗಳೇ ಬುನಾದಿ. ನೋವೆಂದರೆ ದೇಹದ್ದು ಮಾತ್ರವಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದು ಎಲ್ಲ ಸೇರಿ ಒಂದೇ ನೋವಾಗಿರುತ್ತದೆ ಎಂದು ಅವರು ಒತ್ತಿ ಹೇಳಿದರು. ಇದು ಎಷ್ಟು ನಿಜವೆಂಬುದು ಗಾಯದ ವಾಸನೆಯ ಬಗ್ಗೆ ಯೋಚಿಸಿದರೆ ತಿಳಿಯುತ್ತದೆ.

ಒಡೆದ ಕ್ಯಾನ್ಸರ್ ಹುಣ್ಣಿನ ವಾಸನೆಯ ಬಗ್ಗೆ ನಾವು ಮಾತಾಡುವುದೇ ಇಲ್ಲ. ಅಂಥ ಹುಣ್ಣಿರುವ ಹೆಂಗಸು ಒಂದು ದಿನ ತಾನಾಗಿಯೇ ತಟ್ಟೆ ಲೋಟ ತೆಗೆದುಕೊಂಡು ಹಿತ್ತಲ ಕೋಣೆಗೆ ಹೋಗಿಬಿಡುತ್ತಾಳೆ. ಮೊಮ್ಮಕ್ಕಳನ್ನು ಹತ್ತಿರ ಕರೆಯುವುದಿಲ್ಲ. ನೆಂಟರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂಟಿಯಾಗಿ ಮಲಗಿದವರ ನೋವು ಇರುಳಿಗೆ ಎರಡು ಪಟ್ಟಾಗುತ್ತದೆಂದು ಆರೈಕೆ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ರಕ್ತ ಸಂಚಾರವಿಲ್ಲದೆ ಸತ್ತ ಮಾಂಸದಲ್ಲಿ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಬೆಳೆದು ಬಿಡುವ ಅನಿಲಗಳಿಂದ ಈ ವಾಸನೆ. ಜಪಾನಿನ ವಿಜ್ಞಾನಿಗಳು 2009ರಲ್ಲಿ ಇದರ ಮುಖ್ಯ ಅಂಶವನ್ನು ಗುರುತಿಸಿದರು: ಡೈಮೀಥೈಲ್ ಟ್ರೈಸಲ್ಫೈಡ್. ಸುವರ್ಣಗೆಡ್ಡೆಯ ಕುಲದ ಕೆಲವು ಹೂಗಳು ಹೆಣದ ವಾಸನೆ ಬೀರಿ ನೊಣಗಳನ್ನು ಕರೆಯುವುದೂ ಇಂಥದೇ ಗಂಧಕದ ಸಂಯುಕ್ತಗಳಿಂದ. ನೊಣಕ್ಕೆ ಹೂವೂ ಒಂದೇ, ಗಾಯವೂ ಒಂದೇ. ತೆರೆದಿಟ್ಟ ಹುಣ್ಣಿನಲ್ಲಿ ಹುಳುವಾಗುವುದು ಹೀಗೆ. ಆಗ ಮನೆಯವರು ದಿಗಿಲು ಬಿದ್ದು ಟರ್ಪೆಂಟೈನ್ ಎಣ್ಣೆಯನ್ನು ಗಾಯದೊಳಕ್ಕೇ ಸುರಿದುಬಿಡುವುದುಂಟು. ಅದರ ಉರಿ ಊಹೆಗೂ ನಿಲುಕದ್ದು. ಎಣ್ಣೆ ಹನಿಸಿದ ಗಾಜ್ ಬಟ್ಟೆಯನ್ನು ಗಾಯದ ಬಾಯಿಯ ಹತ್ತಿರ ಹಿಡಿದರೆ ಅದರ ಆವಿಗೇ ಹುಳುಗಳು ಹೊರಬರುತ್ತವೆ, ಚಿಮುಟದಿಂದ ತೆಗೆಯಬಹುದು. ಮೊದಲು ನೋವಿನ ಔಷಧಿ, ಆಮೇಲೆ ಈ ಕೆಲಸ.

ವಾಸನೆಗೆ ಮದ್ದು ಸಿಕ್ಕಿದ್ದು ಎಲ್ಲಿಂದಲೋ. ಮೆಟ್ರೊನಿಡಜೋಲ್ ಎಂಬ ಔಷಧಿಯನ್ನು ಮೊದಲು ಬಳಸುತ್ತಿದ್ದುದು ಟ್ರೈಕೊಮೊನಾಸ್ ಎಂಬ ಏಕಕೋಶಿಯಿಂದ ಹೆಂಗಸರಿಗಾಗುವ ಸೋಂಕಿಗೆ. 1962ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದ ಒಬ್ಬಾಕೆಗೆ ಜೊತೆಯಲ್ಲೇ ಇದ್ದ ವಸಡಿನ ಹುಣ್ಣೂ ವಾಸಿಯಾಯಿತು. ದಂತವೈದ್ಯ ಡೇವಿಡ್ ಶಿನ್ ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳನ್ನೂ ಅದು ಕೊಲ್ಲುತ್ತದೆಂದು ತಿಳಿದದ್ದು ಆ ಜಾಡು ಹಿಡಿದೇ. ಇವತ್ತು ಅದೇ ಮಾತ್ರೆ, ನಮ್ಮ ಯಾವ ಔಷಧಿ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುವಂಥದ್ದು. ನುಣ್ಣಗೆ ಪುಡಿಮಾಡಿ ಗಾಯದ ಮೇಲೆ ಉದುರಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ವಾಸನೆ ಇಳಿಯುತ್ತದೆ. ರಸಿಕೆಯೂ ಕಡಿಮೆಯಾಗುತ್ತದೆ, ಆದ್ದರಿಂದ ಪಟ್ಟಿ ಬಿಚ್ಚುವ ಸರದಿಯೂ ಕಡಿಮೆ. ಹಿತ್ತಲ ಕೋಣೆಯಿಂದ ಒಬ್ಬರನ್ನು ನಡುಮನೆಗೆ ಕರೆತರಬಲ್ಲ ಮಾತ್ರೆಯನ್ನು ನೋವಿನ ಔಷಧಿಯೆಂದೇ ನಾನು ಎಣಿಸುತ್ತೇನೆ.

ರಸಿಕೆಗೂ ನೋವಿಗೂ ಇನ್ನೊಂದು ಸಂಬಂಧವಿದೆ. ಅದರಲ್ಲಿ ಪ್ರೋಟೀನನ್ನು ಅರಗಿಸುವ ಕಿಣ್ವಗಳಿರುವುದರಿಂದ ಅದು ಹರಿದ ಕಡೆಯೆಲ್ಲ ಒಳ್ಳೆಯ ಚರ್ಮವೂ ಸುಲಿದು ಕೆಂಪಾಗುತ್ತದೆ. ಎಷ್ಟೋ ಸಲ ರೋಗಿ ದೂರುವುದು ಹುಣ್ಣನ್ನಲ್ಲ, ಈ ಅಂಚನ್ನು. ಅಲ್ಲಿಗೆ ಜಿಂಕ್ ಆಕ್ಸೈಡ್ ಮುಲಾಮಿನ ಒಂದು ದಪ್ಪ ಪದರ ಸಾಕು.

ಮತ್ತೆ ಮಾರ್ಫಿನ್ನಿಗೆ ಬರೋಣ. ಅದು ಮಿದುಳು ಮತ್ತು ಬೆನ್ನುಹುರಿಯಲ್ಲಿ ಮಾತ್ರ ಕೆಲಸ ಮಾಡುತ್ತದೆಂದು ಬಹುಕಾಲ ತಿಳಿದಿದ್ದರು. ಜರ್ಮನಿಯ ಕ್ರಿಸ್ಟೋಫ್ ಸ್ಟೈನ್ ಈ ಗ್ರಹಿಕೆಯನ್ನು ಬದಲಿಸಿದರು. ಉರಿಯೂತವಿರುವ ಕಡೆ ನರಗಳು ಮಾರ್ಫಿನ್ ಗ್ರಾಹಕಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ಚರ್ಮದ ತುದಿಯವರೆಗೆ ಕಳಿಸುತ್ತವೆ. ಅಲ್ಲಿ ನೆರೆದ ಬಿಳಿ ರಕ್ತಕಣಗಳು ದೇಹದ್ದೇ ಮಾರ್ಫಿನ್ ಎನ್ನಬಹುದಾದ ಎಂಡಾರ್ಫಿನ್ನನ್ನು ಬಿಡುತ್ತವೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಕೀಲಿನೊಳಕ್ಕೆ ಅತಿ ಕಡಿಮೆ ಮಾರ್ಫಿನ್ ಹಾಕಿದರೂ ನೋವು ಇಳಿಯುತ್ತದೆಂದು ಅವರು 1991ರಲ್ಲಿ ತೋರಿಸಿದರು. ಹಾಗಿದ್ದರೆ ಗಾಯದ ಮೇಲೇ ಏಕೆ ಹಚ್ಚಬಾರದು? ಹಾಸ್ಪಿಸ್ ವೈದ್ಯರು ಒಂದು ಆಂಪೂಲ್, ಅಂದರೆ 10 ಮಿಲಿಗ್ರಾಂ ಮಾರ್ಫಿನ್ನನ್ನು 8 ಗ್ರಾಂ ನೀರಿನಂಶದ ಜೆಲ್‌ನಲ್ಲಿ ಕಲಸಿ ತೆರೆದ ಹುಣ್ಣುಗಳಿಗೆ ಹಚ್ಚಿ ನೋಡಿದರು. ಕೆಲವರಿಗೆ ಗಂಟೆಗಟ್ಟಲೆ ಆರಾಮ ಸಿಕ್ಕಿತು, ಕೆಲವರಿಗೆ ಏನೂ ಆಗಲಿಲ್ಲ. ನಡೆದ ಪ್ರಯೋಗಗಳೆಲ್ಲ ಸಣ್ಣವು, ಫಲಿತಾಂಶ ಒಂದೇ ತೆರನಾಗಿಲ್ಲ. ಆದರೂ ಮಾತ್ರೆಯಿಂದ ಮಂಪರು, ವಾಂತಿ ತಡೆಯಲಾರದವರಿಗೆ ಪ್ರಯತ್ನಿಸಬಹುದಾದ ದಾರಿ ಇದು. ಕೂಡಿಕೊಂಡ ಚರ್ಮದ ಮೇಲೆ ಹಚ್ಚಿ ಪ್ರಯೋಜನವಿಲ್ಲ. ಗಾಯ ತೆರೆದಿರಬೇಕು, ಕೆರಳಿರಬೇಕು.

ಗಡ್ಡೆ ನರವನ್ನೇ ಒತ್ತುತ್ತಿದ್ದರೆ ನೋವಿನ ಸ್ವಭಾವ ಬೇರೆ. ಕರೆಂಟು ಹೊಡೆದ ಹಾಗೆ ಸಿಡಿಯುತ್ತದೆ, ಜುಮ್ಮೆನ್ನುತ್ತದೆ. ಇದಕ್ಕೆ ಮಾರ್ಫಿನ್ ಒಂದೇ ಸಾಲದು, ಗಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲೀನ್ ಜೊತೆಯಾಗಬೇಕು. ನೋವು ಹೇಗಿದೆಯೆಂದು ರೋಗಿಯ ಮಾತಿನಲ್ಲೇ ಕೇಳಿಸಿಕೊಳ್ಳುವುದು ಅದಕ್ಕೇ ಮುಖ್ಯ. ಉರಿ, ಸೆಳೆತ, ಸಿಡಿತ, ಕುಟುಕು, ಹಿಂಡಿದ ಹಾಗೆ: ಒಂದೊಂದು ಮಾತಿಗೂ ಒಂದೊಂದು ಔಷಧಿಯ ಸುಳಿವಿದೆ.

ಇಷ್ಟೆಲ್ಲ ಗೊತ್ತಿದ್ದೂ ಮಾರ್ಫಿನ್ ನಮ್ಮ ಹೆಚ್ಚಿನ ಊರುಗಳಿಗೆ ತಲುಪಿಲ್ಲ ಎನ್ನುವಾಗ ಸಂಕಟವಾಗುತ್ತದೆ. ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶದ ನೀಮಚ್‌ನಲ್ಲಿ, ಉತ್ತರಪ್ರದೇಶದ ಗಾಜಿಪುರದಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿವೆ. ಆದರೆ 1985ರ ಮಾದಕದ್ರವ್ಯ ಕಾನೂನು ತಂದ ಬಿಗಿ ಎಷ್ಟಿತ್ತೆಂದರೆ, 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ವರ್ಷಕ್ಕೆ 18 ಕಿಲೋಗೆ ಕುಸಿದಿತ್ತು. ಹಲವು ಇಲಾಖೆಗಳ ಪರವಾನಗಿಗೆ ಅಲೆದು ಸುಸ್ತಾದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಮಾರ್ಫಿನ್ ಬರೆದು ಗೊತ್ತಿಲ್ಲದ ವೈದ್ಯರ ಒಂದು ತಲೆಮಾರೇ ತಯಾರಾಯಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ವರ್ಷಗಳ ಕಾಲ ಪಟ್ಟುಬಿಡದೆ ಹೋರಾಡಿದ ಮೇಲೆ 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಕಾಗದದ ತೊಡಕು ಹೋದರೂ ಭಯ ಹೋಗಿಲ್ಲ. ‘ಚಟ ಹತ್ತಲ್ವಾ?’ ಎಂದು ಮನೆಯವರು ಕೇಳುತ್ತಾರೆ, ಕೆಲವು ವೈದ್ಯರೂ ಕೇಳುತ್ತಾರೆ. ನೋವಿಗೆ ಲೆಕ್ಕಹಾಕಿ ಕೊಡುವ, ಮೇಲ್ವಿಚಾರಣೆಯಲ್ಲಿರುವ ಮಾರ್ಫಿನ್ ಈ ರೋಗಿಗಳಲ್ಲಿ ಚಟವಾಗುವುದು ವಿರಳ. ತಪ್ಪದೆ ಬರುವ ತೊಂದರೆ ಮಲಬದ್ಧತೆ. ಮೊದಲ ದಿನದಿಂದಲೇ ಅದಕ್ಕೆ ಔಷಧಿ ಬರೆಯದಿದ್ದರೆ ರೋಗಿ ಮಾರ್ಫಿನ್ನನ್ನೇ ಬೇಡವೆನ್ನುತ್ತಾರೆ. ಕಿಡ್ನಿ ಸೋತವರಲ್ಲಿ ಅದರ ಉಳಿಕೆಗಳು ಮೈಯಲ್ಲಿ ಶೇಖರವಾಗಿ ಮಂಪರು, ಕೈಕಾಲಿನ ಅದುರು ಬರುತ್ತವೆ. ಅವರಿಗೆ ಪ್ರಮಾಣ ಇಳಿಸಬೇಕು, ಎರಡು ಡೋಸಿನ ನಡುವಿನ ಅಂತರ ಹೆಚ್ಚಿಸಬೇಕು.

ಹಾಸಿಗೆ ಹುಣ್ಣಿನ ವಿಷಯದಲ್ಲಿ ಮನೆಯವರ ಮನಸ್ಸಿಗೂ ಒಂದು ಗಾಯವಿರುತ್ತದೆ. ‘ನಾವು ಸರಿಯಾಗಿ ನೋಡ್ಕೊಳ್ಲಿಲ್ಲ, ಅದಕ್ಕೇ ಹುಣ್ಣಾಯ್ತು’ ಎಂದು ಮಗಳು ಅಳುತ್ತಾಳೆ. ಅಮೆರಿಕದ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ನರ್ಸ್ ಆಗಿದ್ದ ಕ್ಯಾರನ್ ಲೂ ಕೆನಡಿ 1989ರಲ್ಲಿ ಒಂದು ವಿಶೇಷವನ್ನು ವರದಿ ಮಾಡಿದರು. ಸಾವಿಗೆ ಸಮೀಪವಾದ ಕೆಲವರಲ್ಲಿ, ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಸೊಂಟದ ಕೆಳಗೆ ಪಿಯರ್ ಹಣ್ಣಿನಾಕಾರದ ಹುಣ್ಣು ಒಂದೆರಡು ದಿನದಲ್ಲೇ ಎದ್ದು ಕಪ್ಪಾಗುತ್ತದೆ. ಹೃದಯ, ಕಿಡ್ನಿ ಸೋಲುವಂತೆ ಚರ್ಮವೂ ಒಂದು ಅಂಗವಾಗಿ ಸೋಲುತ್ತದೆ. ಇದನ್ನು ಮನೆಯವರಿಗೆ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಪಾಠ ಹುಣ್ಣನ್ನು ತಡೆಯಲು ಇರುವುದು. ಕೊನೆಯ ದಿನಗಳಲ್ಲಿ ಹೊರಳಿಸಿದರೇ ಪ್ರಾಣ ಹಿಂಡುವ ನೋವಾಗುತ್ತಿದ್ದರೆ ಆ ನಿಯಮವನ್ನು ಸಡಿಲಿಸಬೇಕು. ಅವರಿಗೆ ಹಿತವೆನಿಸುವ ಭಂಗಿಯಲ್ಲಿ ಹೆಚ್ಚು ಹೊತ್ತು ಬಿಟ್ಟು, ಕಾಲಿನ ಕೆಳಗೊಂದು ದಿಂಬಿಟ್ಟು ಹಿಮ್ಮಡಿಗೆ ಒತ್ತು ಬೀಳದಂತೆ ನೋಡಿಕೊಂಡರೆ ಸಾಕು. ಮಾತು ನಿಂತವರ, ಮರೆವಿನ ಕಾಯಿಲೆಯವರ ನೋವನ್ನು ಮುಖದಲ್ಲಿ ಓದಬೇಕು. ಹುಬ್ಬು ಗಂಟಿಕ್ಕುವುದು, ಉಸಿರಾಟ ಬಿರುಸಾಗುವುದು, ನರಳುವುದು, ಮೈ ಸೆಟೆಯುವುದು, ಸವರಿ ಸಂತೈಸಿದರೂ ಶಾಂತವಾಗದಿರುವುದು: ಈ ಐದನ್ನು ನೋಡಿ ಹತ್ತಕ್ಕೆ ಅಂಕ ಕೊಡುವ ಪೇನ್‌ಆಡ್ ಎಂಬ ಅಳತೆ 2003ರಿಂದ ಬಳಕೆಯಲ್ಲಿದೆ. ಡ್ರೆಸ್ಸಿಂಗಿಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಅಂಕ ಬರೆದಿಟ್ಟರೆ ನಾಳೆ ಔಷಧಿ ಎಷ್ಟು ಹೆಚ್ಚಿಸಬೇಕೆಂದು ತಿಳಿಯುತ್ತದೆ.

ನುಂಗಲು ಆಗದಿದ್ದಾಗ ಮಾರ್ಫಿನ್ ನಿಲ್ಲಿಸಬಾರದು. ತೋಳಿನ ಅಥವಾ ಹೊಟ್ಟೆಯ ಚರ್ಮದಡಿ ಸಣ್ಣ ಬಟರ್‌ಫ್ಲೈ ಸೂಜಿ ಇಟ್ಟು, ಬಾಯಿಂದ ಕೊಡುತ್ತಿದ್ದುದರ ಸುಮಾರು ಅರ್ಧದಷ್ಟನ್ನು ಅದರ ಮೂಲಕ ಕೊಡಬಹುದು. ಈ ಹಂತದಲ್ಲಿ ಮನೆಯವರು ದನಿ ತಗ್ಗಿಸಿ ಕೇಳುವ ಪ್ರಶ್ನೆ: ‘ಇದರಿಂದಲೇ ಜೀವ ಹೋಗಿಬಿಟ್ರೆ?’ ನೋವಿಗೆ ತಕ್ಕಂತೆ ಹಂತಹಂತವಾಗಿ ಹೊಂದಿಸಿ ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಮೊಟಕುಗೊಳಿಸುತ್ತದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಇದನ್ನು ಅವರಿಗೆ ಸ್ಪಷ್ಟವಾಗಿ, ಅಗತ್ಯವಿದ್ದರೆ ಎರಡೆರಡು ಸಲ ಹೇಳಬೇಕು. ಗಾಯವನ್ನು ದಿನವೂ ಬಿಚ್ಚುವ ಅಗತ್ಯವೂ ಇನ್ನಿಲ್ಲ. ಒಳಗಿನ ಅಂಟದ ಪದರವನ್ನು ಹಾಗೆಯೇ ಬಿಟ್ಟು, ನೆನೆದಾಗ ಮೇಲಿನ ಹೀರುಬಟ್ಟೆಯನ್ನು ಮಾತ್ರ ಬದಲಿಸಬೇಕು. ಗಡ್ಡೆಯಿಂದ ರಕ್ತಸ್ರಾವವಾಗಬಹುದೆಂಬ ಸೂಚನೆಯಿದ್ದರೆ ಕಡುಗೆಂಪು ಇಲ್ಲವೇ ಕಡುನೀಲಿ ಟವೆಲ್ಲುಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ನರ್ಸ್ ಹೇಳಿರುತ್ತಾರೆ. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ರಕ್ತವೂ ಬಹಳವಾಗಿ ಕಂಡು ರೋಗಿಯೂ ಮನೆಯವರೂ ಹೆದರುತ್ತಾರೆ. ರಾತ್ರಿ ಕರೆ ಮಾಡಬೇಕಾದ ಫೋನ್ ನಂಬರು, ಹೆಚ್ಚುವರಿ ಡೋಸ್ ಎಷ್ಟು ಮತ್ತು ಎಷ್ಟು ಗಂಟೆಗೆ ಕೊಡಬಹುದು ಎಂಬ ವಿವರ ಒಂದು ಹಾಳೆಯಲ್ಲಿ, ಮನೆಯವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿರಬೇಕು.